ಇಂಗು ಹಾಕದ ಹಪ್ಪಳ

ಮೊಮ್ಮಗಳ ನಿಶ್ಚಿತಾರ್ಥ ಮುಗಿದು ಎಂಟು ದಿನವಾಗಿತ್ತು. ಮದುವೆಯ ಅಡುಗೆ ಒಪ್ಪಿಕೊಂಡವರು ರುಚಿ ನೋಡಲೆಂದು ಉದ್ದಿನ ಹಪ್ಪಳದ ಪೊಟ್ಟಣವೊಂದನ್ನು ಕಳಿಸಿದ್ದರು. ಕತ್ತರಿ ಹಾಕಿದ್ದೇ ತಡ, ಇಂಗಿನ ವಾಸನೆ ಮೂಗಿಗೆ ಅಡರಿತು. ನಾನು ಮದುವೆಯಾಗಿ ಬಂದ ಮೇಲೆ ನಮ್ಮ ಅಡುಗೆಮನೆಗೆ ಇಂಗು ಬಂದಿಲ್ಲ. ಆ ವಾಸನೆಯ ಜೊತೆಗೇ ಪಕ್ಕದ ಮನೆಯ ದೊಡ್ಡಮ್ಮನೂ ಬಂದು ನಿಂತಂತಾಯಿತು...

ಅರವತ್ತರ ದಶಕದ ನಡುವಿನ ಮಾತು. ಆಗ ನಾವು ಹೊಸನಗರದಲ್ಲಿದ್ದೆವು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ನಮಗೂ ಪಕ್ಕದವರಿಗೂ ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಒಂದೇ ಬಾವಿ. ಅಲ್ಲಿಗೆ ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯಿಂದ ತಾಯಿ ಮಗಳು ಇಬ್ಬರೇ ಬಂದು ಬಾಡಿಗೆಗೆ ಸೇರಿದ್ದರು. ನೆಂಟಸ್ತಿಕೆ ಏನೂ ಇಲ್ಲದಿದ್ದರೂ ತಾಯಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಮಗಳು ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ. ಆ ಊರು ಬಿಟ್ಟು ಯಾಕೆ ಬಂದಿರಿ ಎಂದು ನಾವು ಕೇಳಿರಲಿಲ್ಲ, ಅವರಾಗಿ ಹೇಳಿರಲಿಲ್ಲ.

ನನಗೆ ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಕಡೆಯ ಸಂಬಂಧ ಕುದುರಿತು. ನಿಶ್ಚಿತಾರ್ಥದ ದಿನ ಊರವರೆಲ್ಲ ಬಂದಿದ್ದರು, ಪಕ್ಕದ ಮನೆಗೆ ಮಾತ್ರ ಬೀಗ. ಸಾಗರಕ್ಕೆ ಹೋಗಿದ್ದಾರೆ ಎಂದರು. ಅಮ್ಮನಿಗೆ ಸ್ವಲ್ಪ ಬೇಸರವಾಯಿತು. ಆದರೆ ಮೂರನೆಯ ದಿನ ದೊಡ್ಡಮ್ಮ ಮಗಳನ್ನೂ ಕರೆದುಕೊಂಡು, ತಮ್ಮ ಮಣೆ ಲಟ್ಟಣಿಗೆ ಹಿಡಿದುಕೊಂಡೇ ಒಳಗೆ ಬಂದರು. "ಮದುವೆ ಮನೆ ಅಂದ್ರೆ ಮೊದ್ಲು ಹಪ್ಪಳ ಆಗ್ಬೇಕು ಮಾರಾಯ್ತಿ. ಉಳಿದಿದ್ದೆಲ್ಲ ಆಮೇಲೆ" ಎಂದರು ಅಮ್ಮನಿಗೆ. ನನಗೋ, ಮದುವೆಯೆಂದರೆ ಸೀರೆಯಿಂದ ಶುರುವಾಗುತ್ತದೆ ಎಂಬ ಕಲ್ಪನೆ! ಮುಖ ಊದಿಸಿಕೊಂಡೇ ಮಣೆಯ ಮುಂದೆ ಕೂತೆ.

ಅಮ್ಮ ಗಂಡಿನ ಮನೆಯವರ ವಿಷಯ ಹೇಳುತ್ತ, ಹಿಟ್ಟಿಗೆ ಹಾಕಲೆಂದು ಬಟ್ಟಲಲ್ಲಿ ಇಂಗು ಕದಡುತ್ತಿದ್ದಳು. ದೊಡ್ಡಮ್ಮ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದರು.

"ಇಂಗು ಹಾಕ್ಬೇಡ ತಂಗಿ. ಅವರ ಮನೇಲಿ ಇಂಗು ಆಗಲ್ಲ. ಹಿರೀರ ಕಾಲದ ಹರಕೆ. ಬರೀ ಜೀರಿಗೆ, ಮೆಣಸು."

"ನಿಮಗೆ ಹೆಂಗೆ ಗೊತ್ತು ಅಕ್ಕ?"

ದೊಡ್ಡಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಒಂದ್ಸಲ ಮಾಡಿದ್ದೆ" ಎಂದರು. ಪಕ್ಕದಲ್ಲಿ ಮಗಳು ತಲೆ ಎತ್ತಲಿಲ್ಲ. ಹದ ನೋಡಲೆಂದು ಒತ್ತುತ್ತಿದ್ದ ಹಪ್ಪಳವನ್ನೇ ಒತ್ತಿದಳು, ಇನ್ನೂ ಒತ್ತಿದಳು, ಅದು ತೆಳ್ಳಗಾಗಿ ಮಣೆಯ ಮೇಲೆ ಹರಿದುಹೋಯಿತು.

ಆಮೇಲೆ ಎಲ್ಲವನ್ನೂ ಅವರೇ ಹೇಳಿದರು. ಅದೇ ಮನೆ, ಅದೇ ಹುಡುಗ. ಅವರ ಮಗಳೊಂದಿಗೆ ನಿಶ್ಚಯವಾಗಿತ್ತು. ಹಪ್ಪಳದ ಡಬ್ಬಿ ತುಂಬಿಸಿಟ್ಟೂ ಆಗಿತ್ತು. ಹದಿನೈದು ದಿನದೊಳಗೆ ಹುಡುಗನ ಅಜ್ಜ ತೀರಿಕೊಂಡರು. ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಅವರು ಸಂಬಂಧ ಬಿಟ್ಟರು. ಬಾಯಿಂದ ಬಾಯಿಗೆ ಮಾತು ಹಬ್ಬಿ, ಆ ಊರಲ್ಲಿ ಇನ್ನು ಗಂಡು ಸಿಗುವುದಿಲ್ಲ ಎಂದಾದ ಮೇಲೆ ಇಲ್ಲಿಗೆ ಬಂದಿದ್ದರು. "ಈಗ ಸಾಗರದವರು ಒಪ್ಪಿದಾರೆ. ಬರೋ ವಾರ ಮಾತಿಗೆ ಬರ್ತಾರೆ. ಇದು ನಿಮ್ಮ ಹೊಟ್ಟೇಲೇ ಇರ್ಲಿ" ಎಂದು ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ಆಯಿತು ಎಂದಳು. ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಆದರೆ ಅಪ್ಪನಿಗೆ ಹೇಳದೆ ಇರುವುದು ಹೇಗೆ? ಮಗಳ ಬದುಕಿನ ಪ್ರಶ್ನೆ. ಅಪ್ಪ ಮರುದಿನವೇ ಬಸ್ಸು ಹತ್ತಿ ಮೇಳಿಗೆಗೆ ಹೋದರು. ಗಂಡಿನ ಮನೆಯವರು ಏನನ್ನೂ ಮುಚ್ಚಿಡಲಿಲ್ಲವಂತೆ. ನಡೆದದ್ದು ಹೌದು ಎಂದು, ಕಾಫಿ ಕೊಟ್ಟು, ಈಗ ಆ ಹುಡುಗಿ ಎಲ್ಲಿದ್ದಾಳೆ ಎಂದು ಕೇಳಿದರಂತೆ. ನಮ್ಮ ಪಕ್ಕದ ಮನೆಯಲ್ಲೇ, ಸಾಗರದ ಕಡೆ ಮಾತು ನಡೆದಿದೆ ಎಂದುಬಿಟ್ಟರು ಅಪ್ಪ. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ವಾಪಸು ಬಂದ ಅಪ್ಪ ಅಂಗಿಯನ್ನೂ ತೆಗೆಯದೆ ನನ್ನನ್ನು ಕೂರಿಸಿಕೊಂಡು, "ನಿಂಗೆ ಬೇಡ ಅನ್ನಿಸಿದ್ರೆ ಈಗ್ಲೇ ಹೇಳು ಮಗಾ" ಎಂದರು.

ನಾನು ಏನೂ ಹೇಳಲಿಲ್ಲ. ಬೇಡ ಎಂದರೆ ನಾನೂ ನಿಶ್ಚಯ ಮುರಿದ ಹುಡುಗಿಯಾಗುತ್ತೇನೆ, ಇನ್ನೊಂದು ಊರಿನಲ್ಲಿ ಇನ್ನೊಂದು ಗೋಡೆಯ ಪಕ್ಕ ಬಾಡಿಗೆಗೆ ಇರಬೇಕಾಗುತ್ತದೆ ಎಂದಷ್ಟೇ ಹೊಳೆಯಿತು. ಹೆದರಿದ್ದೆ. ಅದನ್ನು ಬಿಟ್ಟರೆ ಸಿಟ್ಟಿಲ್ಲ, ಅಳುವಿಲ್ಲ. ಮರಗಟ್ಟಿದ ಕಾಲಿನ ಹಾಗಿತ್ತು ಮನಸ್ಸು, ಚಿವುಟಿದರೂ ತಿಳಿಯದು. ಅಪ್ಪ ನನ್ನ ಮೌನವನ್ನು ಒಪ್ಪಿಗೆ ಎಂದುಕೊಂಡರು. ಅದು ಒಪ್ಪಿಗೆಯೇ ಆಗಿತ್ತು.

ಸಾಗರದವರು ಹೇಳಿದ ದಿನ ಬರಲಿಲ್ಲ. ಆ ದಿನ ಪಕ್ಕದ ಮನೆಯ ಜಗಲಿಯಲ್ಲಿ ಚಾಪೆ ಹಾಸಿತ್ತು, ಸಂಜೆಯವರೆಗೂ ಹಾಸಿಯೇ ಇತ್ತು. ಎರಡು ದಿನ ಕಳೆದು ಒಂದು ಕಾರ್ಡು ಬಂತು. ಅದರಲ್ಲಿ ಏನಿತ್ತೆಂದು ದೊಡ್ಡಮ್ಮ ಹೇಳಲಿಲ್ಲ. ಅಪ್ಪ ಆಡಿದ ಮಾತು ಮೇಳಿಗೆಯಿಂದ ಸಾಗರಕ್ಕೆ ಮುಟ್ಟಿರಬೇಕು. ಅಮ್ಮನಿಗೆ ದೊಡ್ಡಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ, ಒಂದು ವಾರ ಬಾವಿಗೂ ನನ್ನನ್ನೇ ಕಳಿಸಿದಳು.

ಆದರೂ ದೊಡ್ಡಮ್ಮ ಬಂದರು. ಮಗಳು ಬರಲಿಲ್ಲ, ಅವರೊಬ್ಬರೇ. ಉಳಿದಿದ್ದ ಹಿಟ್ಟನ್ನು ಕಲಸಿ ಒತ್ತಿ ಮುಗಿಸಿದರು. ಬಿಸಿಲಿಗೆ ಹರಡಿದ್ದನ್ನು ತಿರುವಿ ಹಾಕಿ, ಒಣಗಿದ್ದನ್ನು ಜೋಡಿಸಿ ಡಬ್ಬಿಗೆ ತುಂಬಿದರು. ನಾನು ಕೊನೆಗೆ ಬಾಯಿಬಿಟ್ಟು ಕೇಳಿದೆ: "ಅವತ್ತು ಯಾಕೆ ಹೇಳಿದ್ರಿ ದೊಡ್ಡಮ್ಮ? ಸುಮ್ನಿರಬಹುದಿತ್ತಲ್ಲ."

"ಗಂಡನ ಮನೇಲಿ ಮೊದಲನೇ ದಿನವೇ ನಿನ್ನ ಹಪ್ಪಳ ಎಲೆ ತುದೀಲಿ ಉಳೀಬಾರ್ದು ಅಂತ" ಎಂದರು. ಅಷ್ಟೇ. ಡಬ್ಬಿಯ ಮುಚ್ಚಳ ಬಿಗಿದು, ಲಟ್ಟಣಿಗೆ ಸೆರಗಿನಲ್ಲಿ ಒರೆಸಿಕೊಂಡು ಹೋದರು.

ನನ್ನ ಮದುವೆಗೆ ಹನ್ನೆರಡು ದಿನವಿರುವಾಗ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಘಟ್ಟದ ಕೆಳಗೆ ಎಂದರಂತೆ. ಘಟ್ಟದ ಕೆಳಗೆ ಎಷ್ಟು ಊರುಗಳಿಲ್ಲ...

ಮದುವೆಯಾಗಿ ಗಂಡನ ಮನೆಗೆ ಬಂದ ಮಧ್ಯಾಹ್ನ ನನ್ನ ಡಬ್ಬಿಯ ಹಪ್ಪಳವನ್ನೇ ಕರಿದು ಬಡಿಸಿದರು. ಅತ್ತೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಇಂಗು ಹಾಕಿಲ್ಲ! ನಾವು ಹೇಳೋದೇ ಮರೆತಿದ್ವಿ. ಯಾರು ಹೇಳಿದ್ರು ಹುಡುಗಿ?" ಎಂದು ಮುಖವರಳಿಸಿ ಕೇಳಿದರು.

"ಅಮ್ಮ" ಎಂದೆ.

ಒಳ್ಳೆಯ ಮನೆಯಿಂದ ಹೆಣ್ಣು ತಂದೆವು ಎಂದು ಅತ್ತೆ ಕೊನೆಯವರೆಗೂ ಮನೆಮಂದಿಗೆಲ್ಲ ಆ ಹಪ್ಪಳದ ಕಥೆ ಹೇಳುತ್ತಿದ್ದರು. ಕಾಲ್ಗುಣ ಒಳ್ಳೆಯದು ಎಂದೂ ಸೇರಿಸುತ್ತಿದ್ದರು. ನನ್ನ ಸಂಸಾರ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಗಂಡ ಆ ಹುಡುಗಿಯ ಮಾತು ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಪೊಟ್ಟಣದ ಬಾಯಿ ಮಡಚಿ ಮೊಮ್ಮಗಳಿಗೆ ಕೊಟ್ಟೆ. "ಇದು ಬೇಡ, ಇಂಗು ಹಾಕದ್ದು ಮಾಡಿಕೊಡೋಕೆ ಹೇಳು" ಎಂದೆ. ಅವಳು ಮದುವೆಯ ಕೆಲಸಗಳನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ, ಇದನ್ನೂ ಸೇರಿಸಿದಳು. ಆಮೇಲೆ ತಲೆ ಎತ್ತಿ, "ಅಜ್ಜೀ, ಈ ಮನೇಲಿ ಇಂಗು ಆಗಲ್ಲ ಅಂತ ಮದುವೆಗೆ ಮೊದ್ಲೇ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದಳು.

ಈಗ ಯಾರೂ ಇಲ್ಲ. ಅತ್ತೆಯಿಲ್ಲ, ಅಮ್ಮನಿಲ್ಲ, ಗಂಡನೂ ಇಲ್ಲ. ದೊಡ್ಡಮ್ಮನಂತೂ ಇರಲಿಕ್ಕಿಲ್ಲ. ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದೆ.

"ಅಮ್ಮ" ಎಂದೆ.