ಗೋಡೆಗೆ ನೀರು ನಿಲ್ಲಿಸಿದ ಸೆಫಾಕೊ

ಹಿನ್ನೀರಿನ ಮೇಲೆ ಬೆಳಕು ಹರಿಯುವ ಹೊತ್ತಿಗೆ ಸೆಫಾಕೊ ಅಗ್ಬೊಜಾ ಮಣ್ಣಿನ ಗೋಡೆಯ ಕೊನೆಯ ವರಸೆ ಇಡುತ್ತಿದ್ದಾರೆ. ಮುದ್ದೆ ಎತ್ತಿ ಬಡಿಯುತ್ತಾರೆ, ಅಂಗೈಯಿಂದ ಸವರುತ್ತಾರೆ. ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ಕೇರಿಯ ಹೆಂಗಸರು ಕೊಳೆನೀರಿನ ಬಕೆಟ್ ಹೊತ್ತು ಇಲ್ಲಿ ಸಾಲುಗಟ್ಟಿರುತ್ತಿದ್ದರು. ಇಂದು ಬಕೆಟ್‌ಗಳೆಲ್ಲ ಬೋರಲು ಬಿದ್ದಿವೆ.

ಶನಿವಾರ ಹೊಗ್ಬೆಚೊಚೊ ಹಬ್ಬ. ಕ್ರೂರ ರಾಜನ ಕೋಟೆಯಿಂದ ನಮ್ಮ ಆನ್ಲೊ ಜನಾಂಗದ ಹಿರಿಯರು ಪಾರಾದ ನೆನಪು. ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರನ್ನೆಲ್ಲ ಹೆಂಗಸರು ಒಂದೇ ಜಾಗಕ್ಕೆ ಎರಚಿ ಎರಚಿ ಗೋಡೆ ನೆನೆಸಿದರು. ಅದು ಕುಸಿದ ರಾತ್ರಿ, ಹೆಜ್ಜೆ ಗುರುತು ಒಳಬಂದಂತೆ ಕಾಣಲೆಂದು ಜನ ಹಿಮ್ಮುಖವಾಗಿ ನಡೆದು ಹೊರಬಿದ್ದರು. ನಮ್ಮೂರಿನಲ್ಲಿ ಅದನ್ನು ಹಾಗೆಯೇ ಆಡಿ ತೋರಿಸುತ್ತಾರೆ. ಸೆಫಾಕೊ ಗೋಡೆ ಕಟ್ಟುತ್ತಾರೆ, ಕೇರಿಯವರು ವಾರವಿಡೀ ನೆನೆಸುತ್ತಾರೆ, ಹಬ್ಬದ ದಿನ ಕೆಡವುತ್ತಾರೆ.

ಆದರೆ ಕುಸಿದ ಗೋಡೆಯ ನಡುವೆ ಹಿಮ್ಮುಖವಾಗಿ ನಡೆಯುವವರು ಯಾರು? ಕೊರಳಲ್ಲಿ ಪಾಸ್, ಮೈಮೇಲೆ ಹೊಸ ಬಟ್ಟೆ ಇರುವವರು. ನೆನೆಸಿದವರು ಹಗ್ಗದಾಚೆ. ಹೆಂಗಸರ ಜಾಣತನವನ್ನು ಮೈಕಿನಲ್ಲಿ ಹೊಗಳುವಾಗ ಆ ಹೆಂಗಸರು ಬಿಸಿಲಲ್ಲಿ ನಿಂತು ಕೇಳಬೇಕು. ಇದನ್ನು ಹಬ್ಬ ಎನ್ನಬೇಕಂತೆ!

ಹೋದ ವರ್ಷ ಸೆಫಾಕೊ ಹಗ್ಗ ದಾಟಿ ಎರಡು ಹೆಜ್ಜೆ ಒಳಗಿಟ್ಟಿದ್ದರು. ಸ್ವಯಂಸೇವಕನೊಬ್ಬ ಕೋಲು ಅಡ್ಡ ಹಿಡಿದ. "ಕೆಸರು ಕಾಲು, ಅತಿಥಿಗಳ ಬಟ್ಟೆಗೆ ತಾಗತ್ತೆ ಅಂದ. ಈ ಕೆಸರು ಯಾರದ್ದು? ಅವರ ಗೋಡೇದೇ ತಾನೆ?" ಎಂದು ಸೆಫಾಕೊ ಕೇಳುತ್ತಾರೆ.

ಆ ಕಾಲುಗಳನ್ನು ನೋಡಬೇಕು. ಹಿಮ್ಮಡಿ ಬಿರಿದಿದೆ, ಪಾದದ ತುಂಬ ಹಳೆಯ ಗಾಯದ ಕಲೆ. ರಾಜ ನಮ್ಮವರಿಂದ ಮುಳ್ಳು ಬೆರೆಸಿದ ಮಣ್ಣು ತುಳಿಸಿದನೆಂದು ಭಾಷಣಗಳಲ್ಲಿ ಕಣ್ಣೀರು ಹಾಕುತ್ತಾರೆ. ಸೆಫಾಕೊ ತುಳಿಯುವ ಮಣ್ಣಿನಲ್ಲಿ ಹಬ್ಬಕ್ಕೆ ಬಂದವರು ಒಡೆದು ಬಿಸಾಡಿದ ಬಾಟಲಿಯ ಚೂರುಗಳಿವೆ. ಅದಕ್ಕೆ ಅಳುವವರಿಲ್ಲ. ತಾಯಿ ಮಾಡುತ್ತಿದ್ದ ಕೆಲಸ, ಅವರ ಬೆನ್ನು ಬಾಗಿದ ಮೇಲೆ ಮಗಳು ಸೆಫಾಕೊಗೆ ಬಂತು. ಉಳಿದ ದಿನಗಳಲ್ಲಿ ಮೀನು ಹೊಗೆ ಹಾಕುವ ಒಲೆ ಕಟ್ಟಿ ಬದುಕುತ್ತಾರೆ.

ಈ ವರ್ಷ ಅವರು ಕೇಳಿದ್ದು ಒಂದೇ: ನೀರು ಹಾಕುವವರೂ ಒಳಗೆ ನಡೆಯಬೇಕು. ಹಬ್ಬದ ಉಸ್ತುವಾರಿಯವರು ಆಗದು ಎಂದರು. ಕೇರಿಯಿಂದ ನೀರು ನಿಂತಿತು. ಗೋಡೆ ಬಿಸಿಲಿಗೆ ಕಲ್ಲಾಗುತ್ತಿದೆ.

ಬಿಸಿಲೇರುವ ಮೊದಲೇ ಹಬ್ಬದ ಉಸ್ತುವಾರಿಯ ಎಲಿಕೆಮ್ ಓಡಿ ಬರುತ್ತಾನೆ. ಗೋಡೆಗೆ ಗುದ್ದಿ, ಕೈ ಒದರಿಕೊಳ್ಳುತ್ತಾನೆ.

"ಅಕ್ಕಾ, ಇದು ಬೀಳಲ್ಲ. ತಗೋ, ನಿನಗೊಂದು ಪಾಸ್ ತಂದಿದೀನಿ."

"ನಾನೊಬ್ಬಳೇ ನೆನೆಸಿದ್ನಾ? ಎಸಿನಾಮ್‌ಗೆ? ಆಚೆ ಮನೆ ಮುದುಕಿಗೆ?"

"ಎಲ್ಲರಿಗೂ ಅಂದ್ರೆ ಹೇಗಕ್ಕಾ? ಬೇಡ ಬಿಡು, ಟ್ಯಾಂಕರ್ ತರಿಸ್ತೀನಿ."

"ತರಿಸಪ್ಪಾ. ನಮ್ಮಜ್ಜೀರು ಟ್ಯಾಂಕರ್ ತರಿಸಿ ತಪ್ಪಿಸ್ಕೊಂಡ್ರು ಅಂತ ಮೈಕಲ್ಲಿ ಹೇಳ್ಕೋ."

ಪಕ್ಕದ ಒಲೆಯ ಮೇಲೆ ಮೆಕ್ಕೆಜೋಳದ ಅಕ್ಪ್ಲೆ ಮುದ್ದೆ ತಿರುವುತ್ತಿದ್ದ ಎಸಿನಾಮ್ ಕೋಲು ಬಿಟ್ಟು ನಗುತ್ತಾರೆ. "ನಿಮ್ಮನೇಲಿ ಪಾತ್ರೆ ತೊಳೆಯೋರು ಯಾರೋ ತಮ್ಮಾ? ಅವಳನ್ನೂ ಕೇಳಿದೀವಿ. ಅವಳೂ ನೀರು ಕೊಡಲ್ವಂತೆ."

ಎಲಿಕೆಮ್ ಸುತ್ತ ನೋಡುತ್ತಾನೆ. ಬಾಗಿಲು ಬಾಗಿಲಲ್ಲೂ ಹೆಂಗಸರು.

"ಆಯ್ತು, ಹಗ್ಗ ತೆಗೆಸ್ತೀನಿ."

"ತೆಗೆಸೋದು ಬೇಡ. ನೀನೇ ಬಿಚ್ಚು. ಈಗಲೇ."

ಗೋಡೆಯ ಸುತ್ತ ಆಗಲೇ ಕಟ್ಟಿದ್ದ ಹಗ್ಗದ ಗಂಟು ಬಿಗಿಯಾಗಿದೆ. ಹಲ್ಲು ಕಚ್ಚಿ ಬಿಚ್ಚುತ್ತಾನೆ. ಹಗ್ಗ ನೆಲಕ್ಕೆ ಬಿದ್ದ ಮೇಲೆಯೇ ಸೆಫಾಕೊ ಬೋರಲು ಬಿದ್ದ ಬಕೆಟ್ಟೊಂದನ್ನು ಮೇಲ್ಮುಖ ಮಾಡುತ್ತಾರೆ. ಎಸಿನಾಮ್ ಮಡಕೆ ತೊಳೆದ ನೀರು ತಂದು ಗೋಡೆಯ ಬುಡಕ್ಕೆ ಸುರಿಯುತ್ತಾರೆ. ಒಣಗಿದ ಮಣ್ಣು ಚುಂಯ್ ಎಂದು ಹೀರುತ್ತದೆ.

ಶನಿವಾರ ಸಾಲಿನಲ್ಲಿ ಎಲ್ಲಿ ನಡೆಯುತ್ತೀರಿ ಎಂದು ಕೇಳಿದರೆ ಸೆಫಾಕೊ ಕೈಯ ಕೆಸರು ಒರೆಸಿಕೊಳ್ಳುತ್ತಾರೆ. "ಎಲ್ಲಾದ್ರೂ ಸರಿ. ಹಿಂದಕ್ಕೆ ನಡೀವಾಗ ಮುಖ ಗೋಡೆ ಕಡೇನೇ ಇರತ್ತಲ್ಲ. ನಾನು ಕಟ್ಟಿದ್ದು ನನ್ನಿಂದ ದೂರ ಆಗೋದನ್ನ ಒಂದ್ಸಲ ನಾನೂ ನೋಡ್ಬೇಕು."