ತಾತನ ಉಸಿರು, ಚಿಕ್ಕಮ್ಮನ ಪರ್ಮಿಟ್

ನಮ್ಮ ಚಿಕ್ಕಮ್ಮ ಪರದೇಶದ ಒಂದು ಮನೆಯಲ್ಲಿ ವಯಸ್ಸಾದ ತಾತನನ್ನು ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಕಾನೂನು ಕೇಳುವುದಕ್ಕೆ ಬಲು ಚೆಂದ: ದಿನಕ್ಕೆ ಎಂಟು ಗಂಟೆ ಕೆಲಸ, ಭಾನುವಾರ ಕಡ್ಡಾಯ ರಜೆ. ಆದರೆ ಇವಳ ಪರ್ಮಿಟ್ ಇದ್ದದ್ದು ಆ ತಾತನ ಹೆಸರಿನ ಮೇಲೆ. ಅವರು ಕಣ್ಣು ಮುಚ್ಚಿದರೆ ತಿಂಗಳೊಳಗೆ ಇವಳು ಗಂಟುಮೂಟೆ ಕಟ್ಟಬೇಕು. ಊರಲ್ಲಿ ಇವಳ ಮಗಳ ನರ್ಸಿಂಗ್ ಓದು ಇನ್ನೂ ಅರ್ಧದಲ್ಲಿತ್ತು. ಇಂಥ ಕಾನೂನು ಬರೆದ ಪುಣ್ಯಾತ್ಮ ಒಂದು ಸಲ ನನ್ನ ಕೈಗೆ ಸಿಗಬೇಕು!

ತಾತ ಕೆಮ್ಮಿದರೆ ಸಾಕು, ಚಿಕ್ಕಮ್ಮನ ಎದೆ ಡವಡವ. ಕೆಲಸದ ಹೊತ್ತು ಮುಗಿದ ಮೇಲೂ ಬಟ್ಟೆ ಮಡಚುತ್ತಾ, ಮಾತ್ರೆ ಡಬ್ಬಿ ಒರೆಸುತ್ತಾ ಅವರ ಕೋಣೆ ಬಾಗಿಲಲ್ಲೇ ಸುಳಿದಾಡುತ್ತಿದ್ದಳು. ರಜೆ ಕೊಡದಿದ್ದರೆ ದಂಡ ಬೀಳುತ್ತದೆಂದು ತಾತನ ಮಗಳಿಗೆ ಭಯ. ಭಾನುವಾರ ಇವಳನ್ನು ಹೊರಗೆ ಅಟ್ಟಿಬಿಡುತ್ತಿದ್ದಳು. ಇವಳು ಹೋಗಿ ಎದುರಿನ ಬಸ್ ಸ್ಟಾಪಿನಲ್ಲಿ ಕೂತು ತಾತನ ಕಿಟಕಿ ನೋಡುತ್ತಿದ್ದಳು. ಅದೇ ಊರಿನ ಹೋಟೆಲಿನಲ್ಲಿ ರೂಮು ಗುಡಿಸುತ್ತಿದ್ದ ನಾನೂ ನನ್ನ ರಜೆಯನ್ನೆಲ್ಲ ಆ ಬೆಂಚಿಗೇ ಧಾರೆ ಎರೆದೆ.

"ರಜೆ ಅಂದ್ರೆ ಬಸ್ ಹತ್ತೋದು ಚಿಕ್ಕಮ್ಮ, ಬಸ್ ಎಣಿಸೋದಲ್ಲ."

"ಸುಮ್ನಿರೇ, ಪರದೆ ಇನ್ನೂ ಸರಿಸಿಲ್ಲ."

ಚಳಿಗಾಲದಲ್ಲಿ ತಾತನ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಗೆ ಸೇರಿಸಿ ಯಂತ್ರ ಹಾಕಿದರೆ ಇನ್ನಷ್ಟು ತಿಂಗಳು ಇದ್ದಾರು ಎಂದರು ಡಾಕ್ಟರು. ತಾತ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಗಳು ಅತ್ತುಕೊಂಡು ಚಿಕ್ಕಮ್ಮನ ಕೈ ಹಿಡಿದಳು: "ನಿನ್ನ ಮಾತಾದ್ರೆ ಕೇಳ್ತಾರೆ, ನೀನೇ ಒಪ್ಪಿಸು."

ಒಪ್ಪಿಸದೆ ಏನು ಮಾಡುತ್ತಾಳೆ ಎಂದುಕೊಂಡೆ ನಾನು. ಮರುದಿನ ಫೋನು ಮಾಡಿದರೆ, ತಾತ ಮನೆಯಲ್ಲೇ ಇದ್ದಾರೆ, ಆಸ್ಪತ್ರೆ ಬೇಡ ಅಂತ ತಾನೇ ಹೇಳಿದೆ ಅನ್ನಬೇಕೇ!

"ತಲೆ ನೆಟ್ಟಗಿದ್ಯಾ ನಿಂಗೆ? ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಂಡ್ಯಲ್ಲ!"

 

"ಒಪ್ಪಿಸೋಕೇ ಅಂತ ಒಳಗೆ ಹೋದೆ ಕಣೇ. ನಾನು ಬಾಯಿ ತೆಗೆಯೋ ಮುಂಚೆ ಅವರೇ ಕೇಳಿದ್ರು. 'ನಾನು ಹೋದ್ರೆ ನಿನ್ನ ವಾಪಸ್ ಕಳಿಸಿಬಿಡ್ತಾರಲ್ವಾ? ನನಗಂತೂ ಸಾಕಾಗಿದೆ. ಆದ್ರೆ ನಿನಗೋಸ್ಕರ ಬೇಕಾದ್ರೆ ಆಸ್ಪತ್ರೆಗೆ ಹೋಗ್ತೀನಿ, ಹೇಳು' ಅಂದ್ರು."

"ನೀನೇನಂದೆ?"

"ನನಗೆ ಆಗಲೇ ಬೇರೆ ಮನೆ ಸಿಕ್ಕಿದೆ, ನನ್ನ ಚಿಂತೆ ಬಿಡಿ ಅಂದೆ."

"ಸಿಕ್ಕಿದ್ಯಾ?"

"ಎಲ್ಲಿ ಸಿಗುತ್ತೆ ಕಣೇ," ಅಂದಳು ಚಿಕ್ಕಮ್ಮ. "ನಿನಗೆ ಗೊತ್ತಿರೋ ಕಡೆ ಸ್ವಲ್ಪ ವಿಚಾರಿಸು."