ಅರ್ಧ ಹೊತ್ತಿದ ಜೀವಕೋಶ

ಆ ವರ್ಷ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಕಂಪನಿಯೊಂದರಲ್ಲಿ, ಬ್ಯಾಕ್ಟೀರಿಯಾದ ಒಳಗೆ ನಡೆಯುವುದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು ನನ್ನ ಕೆಲಸ. ಓದಿದ್ದು ಕಂಪ್ಯೂಟರ್ ಸೈನ್ಸ್. ಜೀವಶಾಸ್ತ್ರವನ್ನು ಪಿಯುಸಿಗೇ ಬಿಟ್ಟಿದ್ದೆ. ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸಿಕೊಳ್ಳುವುದನ್ನು ಬರೆಯಲೆಂದು ಹುಟ್ಟಿದ ಒಂದು ಗಣಿತದ ಭಾಷೆ ನನಗೆ ಬರುತ್ತಿತ್ತು. ಕಂಪ್ಯೂಟರಿನ ಜಾಗದಲ್ಲಿ ಅಣುವನ್ನು ಕೂರಿಸಿದರೆ ಅದೇ ಭಾಷೆಯಲ್ಲಿ ಜೀವಕೋಶವನ್ನೂ ಬರೆಯಬಹುದು ಎಂದು ಕೆಲವರು ತೋರಿಸಿದ್ದರು. ಅದನ್ನು ನಂಬಿಯೇ ಮ್ಯಾನೇಜರ್ ನನ್ನನ್ನು ತೆಗೆದುಕೊಂಡಿದ್ದು.

ದಾವಣಗೆರೆಯಿಂದ ನಮ್ಮ ಸಿಂಗಸಂದ್ರದ ಮನೆಗೆ ಬಂದಿದ್ದ ಮಾವ ಒಂದು ಬೆಳಿಗ್ಗೆ ಪೂಜೆ ಮುಗಿಸಿ ತಿಂಡಿಗೆ ಕೂತವರು ಕೇಳಿದರು, "ದಿನಾ ಏನ್ ಮಾಡ್ತೀಯವ್ವಾ ಅಲ್ಲಿ?"

"ಒಂದೊಂದು ಅಣುವಿಗೂ ಒಂದು ಪುಟ್ಟ ಪ್ರೋಗ್ರಾಂ ಬರೀತೀನಿ ಮಾವ. ಯಾವುದು ಯಾವುದರ ಜೊತೆ ಕೂಡಬಹುದು ಅಂತ ಅದರಲ್ಲಿರುತ್ತೆ. ಯಾವಾಗ ಕೂಡುತ್ತೆ ಅನ್ನೋದು ಮಾತ್ರ ದಾಳ ಹಾಕಿದ ಹಾಗೆ."

"ಅಂದ್ರೆ ಎಲ್ಲಾ ಲಾಟರಿ?"

"ಪೂರ್ತಿ ಅಲ್ಲ. ಕೆಲವು ಬೇಗ ಬೇಗ, ಕೆಲವು ಅಪರೂಪಕ್ಕೆ ಆಗೋ ಹಾಗೆ ವೇಗ ಕೊಟ್ಟಿರ್ತೀವಿ."

"ಹಂಗಾದ್ರೆ ಇವತ್ತು ಬಂದ ಉತ್ತರ ನಾಳೆ ಬರಂಗಿಲ್ಲ," ಎಂದು ಮಾವ ಇಡ್ಲಿ ಮುರಿದರು.

ತೊಂದರೆ ಇದ್ದದ್ದೂ ಅಲ್ಲೇ. ಸಕ್ಕರೆ ಸಿಕ್ಕಾಗ ಹಸಿರಾಗಿ ಹೊಳೆಯುವಂತೆ ಮಾಡಿದ ಬ್ಯಾಕ್ಟೀರಿಯಾ ನಮ್ಮದು. ನನ್ನ ಪ್ರೋಗ್ರಾಂನಲ್ಲಿ ಅಷ್ಟೇ ಸಕ್ಕರೆ ಕೊಟ್ಟರೂ ಒಂದು ಸಲ ಜೀವಕೋಶ ಸರಕ್ಕನೆ ಹೊತ್ತಿಕೊಳ್ಳುತ್ತಿತ್ತು, ಇನ್ನೊಂದು ಸಲ ಕೊನೆಯವರೆಗೂ ಕತ್ತಲಲ್ಲೇ ಇರುತ್ತಿತ್ತು.

"ಪ್ರತಿ ಸಲ ಬೇರೆ ಬಂದ್ರೆ ಕ್ಲೈಂಟ್‌ಗೆ ಏನ್ರೀ ತೋರ್ಸೋದು? ಸರಾಸರಿ ತೆಗೀರಿ," ಅಂದರು ಮ್ಯಾನೇಜರ್.

ತೆಗೆದೆ. ಗ್ರಾಫಿನಲ್ಲಿ ನಯವಾದ ಗೆರೆ ಬಂತು. ಅದರ ಪ್ರಕಾರ ಜೀವಕೋಶ ಅರ್ಧ ಹೊತ್ತಿರಬೇಕು. ಆದರೆ ಅರ್ಧ ಹೊತ್ತಿದ ಜೀವಕೋಶವನ್ನು ನಾನು ಒಂದು ಸಲವೂ ಕಂಡಿರಲಿಲ್ಲ. ಹಾಗೆಂದು ಹೇಳಿದೆ.

"ಲ್ಯಾಬ್‌ನವರ ಗೆರೇನೂ ನಯವಾಗೇ ಇದೆ. ನಿಮ್ಮ ಪ್ರೋಗ್ರಾಂನಲ್ಲೇ ಬಗ್ ಇರ್ಬೇಕು."

ಆ ತಪ್ಪನ್ನು ಹುಡುಕಿದೆ. ಸಿಗಲಿಲ್ಲ. ಊಟಕ್ಕೆ ಕೂತರೆ ಕಾಲು ತಾನೇ ಕುಣಿಯುತ್ತಿತ್ತು. ಸಂಜೆ ಹೊಸೂರು ರಸ್ತೆಯಲ್ಲಿ ಬಸ್ಸು ನಿಂತುಬಿಟ್ಟರೆ ಇಳಿದು, ಲಾರಿಗಳ ಹೊಗೆಯಲ್ಲಿ ನಡೆದೇ ಮನೆ ಸೇರುತ್ತಿದ್ದೆ. ಗಂಡ ಮಾತಾಡುತ್ತಿದ್ದರೆ ಅರ್ಧ ಮಾತು ಮಾತ್ರ ಕಿವಿಗೆ ಬೀಳುತ್ತಿತ್ತು.

ಕೊನೆಗೆ ಕೆಳಗಿನ ಮಹಡಿಯ ಲ್ಯಾಬಿಗೆ ಹೋದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದವಳು ಬೊಮ್ಮನಹಳ್ಳಿಯ ಹಳೇ ಊರಿನವಳು, ನನ್ನ ವಯಸ್ಸಿನವಳೇ.

"ಬೆಳಕನ್ನ ಹೇಗೆ ಅಳೀತೀಯ?"

"ಟ್ಯೂಬ್ ಇಟ್ರೆ ಒಟ್ಟು ಎಷ್ಟು ಅಂತ ಮಷೀನ್ ಹೇಳುತ್ತೆ."

"ಅದೂ ಸರಾಸರೀನೇ ಆಯ್ತಲ್ಲ! ಒಂದೊಂದೇ ಜೀವಕೋಶ ನೋಡಿದ್ದೀಯಾ?"

"ಯಾರೂ ಕೇಳಿಲ್ವಲ್ಲೇ."

ಪಕ್ಕದ ಕಟ್ಟಡದಲ್ಲಿ ಅದಕ್ಕೆ ಬೇಕಾದ ಸೂಕ್ಷ್ಮದರ್ಶಕ ಇತ್ತು. ಅವಳೇ ಯಾರನ್ನೋ ಕಾಡಿಬೇಡಿ ಒಂದು ಶನಿವಾರ ಒಪ್ಪಿಸಿದಳು. ಪರದೆ ಎಳೆದ ಕೋಣೆಯಲ್ಲಿ ಮೊದಲು ಅವಳು ನೋಡಿದಳು. ಆಮೇಲೆ ನನಗೆ ಜಾಗ ಬಿಟ್ಟಳು. ಅಕ್ಕಿಕಾಳಿನಂಥ ಹಸಿರು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಉರಿಯುತ್ತಿದ್ದವು. ಅವುಗಳ ಸುತ್ತ, ಅದೇ ಸಕ್ಕರೆ ತಿಂದ ಮಿಕ್ಕವು ಕಪ್ಪಗೆ ಬಿದ್ದಿದ್ದವು. ನಡುವಿನದು ಒಂದೂ ಇಲ್ಲ.

"ಬಗ್ ಅಲ್ಲ ಕಣೇ!" ಎಂದು ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಕೆಳಗೆ ಬಂದು ಟೀ ಹಿಡಿದು ನಿಲ್ಲುವಷ್ಟರಲ್ಲಿ ಇನ್ನೊಂದು ಹುಳ ತಲೆಗೆ ಹೊಕ್ಕಿತು. ನನ್ನ ಪ್ರೋಗ್ರಾಂನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತುತ್ತಿದ್ದವು. ಇಲ್ಲಿ ಅಷ್ಟಿರಲಿಲ್ಲ.

"ಒಂದ್ನಿಮಿಷ ಖುಷಿಯಾಗಿರಕ್ಕಾಗಲ್ವಾ ನಿಂಗೆ?"

"ಜೀವಕೋಶ ಎರಡಾಗಿ ಒಡೆಯೋವಾಗ ಒಳಗಿರೋದು ಏನಾಗುತ್ತೆ?"

"ಹಂಚ್ಕೊಳ್ಳುತ್ತೆ."

"ಸಮ ಸಮ?"

"ಇರೋದೇ ನಾಕಾರು ಅಣು ಅಂದ್ರೆ ಎಲ್ಲಿಂದ ಸಮ ಬರುತ್ತೆ? ಯಾವ ಕಡೆ ಸಿಕ್ತೋ ಆ ಕಡೆಗೆ."

ನನ್ನ ಜೀವಕೋಶಗಳು ಒಡೆಯುತ್ತಲೇ ಇರಲಿಲ್ಲ. ನಾನು ಅದನ್ನು ಬರೆದೇ ಇರಲಿಲ್ಲ. ಟೀ ಅಲ್ಲೇ ಇಟ್ಟು ನಮ್ಮ ಆಫೀಸಿಗೆ ಓಡಿದೆ. ಒಡೆಯುವುದನ್ನೂ ಸೇರಿಸಿದ ಮೇಲೆ ಹೊತ್ತುವವು ಕಡಿಮೆಯಾದವು. ಲ್ಯಾಬಿನ ಲೆಕ್ಕಕ್ಕೆ ಹತ್ತಿರ ಬಂತು, ಸರಿಹೋಗಲಿಲ್ಲ.

ಕ್ಲೈಂಟ್ ಬಂದ ದಿನ ಮ್ಯಾನೇಜರ್ ಮೊದಲು ನಯವಾದ ಗೆರೆ ತೋರಿಸಿದರು. ಆಮೇಲೆ ನಾನು ಸೂಕ್ಷ್ಮದರ್ಶಕದ ಫೋಟೋ ಹಾಕಿದೆ. ಬಂದವರಲ್ಲಿ ಹಿರಿಯರೊಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಯಾವುದು ಹೊತ್ತುತ್ತೆ ಅಂತ ಮೊದಲೇ ಹೇಳ್ಬಹುದಾ?"

"ಆಗಲ್ಲ ಸಾರ್. ಒಟ್ಟಿನಲ್ಲಿ ಎಷ್ಟು ಭಾಗ ಹೊತ್ತಬಹುದು ಅಂತ ಮಾತ್ರ. ಅದೂ ಇನ್ನೂ ಪೂರ್ತಿ ಸರಿ ಬಂದಿಲ್ಲ."

ಮ್ಯಾನೇಜರ್ ನನ್ನನ್ನೇ ದುರುಗುಟ್ಟಿ ನೋಡಿದರು. ಹಿರಿಯರು ಮಾತ್ರ ಗೆರೆಯ ವಿಷಯ ಮತ್ತೆ ಎತ್ತಲಿಲ್ಲ. ಫೋಟೋ ಕಳಿಸಿ, ಕೆಲಸ ಮುಂದುವರಿಸಿ ಅಂದು ಎದ್ದರು.

ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದ ಮ್ಯಾನೇಜರ್ ಕೇಳಿದರು, "ಸರಿ ಬಂದಿಲ್ಲ ಅಂದ್ರಲ್ಲ, ಇನ್ನೇನು ಬಿಟ್ಟುಹೋಗಿದೆ?"

"ಗೊತ್ತಿಲ್ಲ ಸಾರ್," ಅಂದೆ. ಲಿಫ್ಟ್ ವಾಪಸ್ ಬರುವವರೆಗೆ ಕಾಯಲಾಗದೆ ಮೆಟ್ಟಿಲಿಳಿದು ಲ್ಯಾಬಿಗೆ ಹೋದೆ.